ಪತ್ರಕರ್ತರು ಬರೆದ ಪ್ರವಾಸ ಬರಹ ಯಾಕೆ ಬೇರೆ ಥರ ಇರುತ್ತದೆ?

ಅವರು ನೋಡಿದ್ದಕ್ಕಿಂತ ಕೇಳಿ ತಿಳಿದದ್ದನ್ನು ಜಾಸ್ತಿ ಬರೆಯುತ್ತಾರೆ, ಅದಕ್ಕೆ. ಯಾರು, ಯಾವಾಗ, ಯಾಕೆ ಅಂತ ಕೇಳದೆ ವರದಿಗಾರನಿಗೆ ಒಂದು ಸಾಲು ಬರೆಯಲೂ ಕೈ ಬರುವುದಿಲ್ಲ. ಕೋಲಾರದಲ್ಲಿ ಪತ್ರಿಕೆ ಕೆಲಸ ಬಿಟ್ಟು ಊರು ಸುತ್ತಿ ಬರೆಯುತ್ತಿರುವ ನನಗೂ ಈ ಚಟ ಹೋಗಿಲ್ಲ.

ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನೇ ತಗೊಳ್ಳಿ. ಬಂದವರು ಫೋಟೊ ತೆಗೆದು ಹೋಗುತ್ತಾರೆ. ವರದಿಗಾರನಿಗೆ ಮಾತ್ರ ಈ ಮಣ್ಣು ಎಲ್ಲಿಂದ ಬಂತು ಅನ್ನುವ ತಲೆನೋವು. ಅದು ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. ಅಲ್ಲಿಂದ ಎಳೆ ಹಿಡಿದರೆ ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಚಾಂಪಿಯನ್ ರೀಫ್ ಗಣಿ, 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು, 2001ರಲ್ಲಿ ಬಿದ್ದ ಬೀಗ, ಈಗ ನಸುಕಿಗೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಓಡುವವರು, ಎಲ್ಲ ಒಂದೇ ಕಥೆಯಾಗುತ್ತದೆ.

ಒಂದು ತೊಂದರೆಯೂ ಇದೆ. ನನ್ನ ಮೊದಲ ಲೇಖನದಲ್ಲಿ ಇಸವಿಗಳೇ ತುಂಬಿದ್ದವು, ಬಿಸಿಲಿನ ಸುದ್ದಿಯೇ ಇರಲಿಲ್ಲ. ಗಣಿಯಲ್ಲಿ ದುಡಿದಿದ್ದ ತಾತ ಒಬ್ಬರು ಅದನ್ನು ಓದಿಸಿಕೊಂಡು ಕೇಳಿದ್ದು ಇಷ್ಟೇ: "ಕೆಳಗೆ ಎಷ್ಟು ಸೆಕೆ ಇತ್ತು ಅಂತ ಯಾಕಪ್ಪ ಬರೀಲಿಲ್ಲ?"