ಪರ್ಷಿಯನ್ ಹಳ್ಳಿಯ ರತ್ನಗಂಬಳಿಯಲ್ಲಿ ಒಂದೇ ಕೆಂಪು ನಡುವೆ ಬದಲಾಗುವುದೇಕೆ? ಅದು ದೋಷವೇ?
ದೋಷ ಅಲ್ಲವೇ ಅಲ್ಲ. ಇರಾನಿನ ಹಮದಾನ್ ಸುತ್ತಲಿನ ಹಳ್ಳಿಗಳಲ್ಲಿ ಮನೆಯಲ್ಲೇ ಮಗ್ಗ ಹೂಡಿ ನೇಯುತ್ತಾರೆ, ಹೆಚ್ಚಾಗಿ ಹೆಂಗಸರು. ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ದಾರ, ಸಾಮಾನ್ಯವಾಗಿ ಹತ್ತಿಯದು. ಪಕ್ಕಪಕ್ಕದ ಎರಡು ಹಾಸುದಾರಗಳಿಗೆ ಉಣ್ಣೆಯ ಎಳೆ ಸುತ್ತಿ, ಎರಡೂ ತುದಿಗಳನ್ನು ನಡುವಿನಿಂದ ಮುಂದಕ್ಕೆಳೆದು ಕತ್ತರಿಸಿದರೆ ಒಂದು ಗಂಟು. ಸಾಲು ಮುಗಿದ ಮೇಲೆ ಅಡ್ಡಕ್ಕೆ ಹೊಕ್ಕುದಾರ ಹಾಯಿಸಿ, ಭಾರದ ಬಾಚಣಿಗೆಯಿಂದ ಬಡಿದು ಕೂರಿಸುತ್ತಾರೆ. ಎಷ್ಟು ತಾಳ್ಮೆ ಬೇಕು ಅಲ್ವಾ!

ಮಂಜಿಷ್ಠದ ಬೇರು ಕೆಂಪು ಕೊಡುತ್ತದೆ. ಉಣ್ಣೆಗೆ ಸ್ವಲ್ಪಸ್ವಲ್ಪವೇ ಬಣ್ಣ ಹಾಕುವುದರಿಂದ ಒಂದು ಸಲದ ಕೆಂಪು ಇನ್ನೊಂದು ಸಲ ಹಾಗೇ ಬರುವುದಿಲ್ಲ. ಹೀಗೆ ನಡುವೆ ಬೇರೆ ಛಾಯೆಯಲ್ಲಿ ಕಾಣುವ ಪಟ್ಟೆಗೆ ‘ಅಬ್ರಶ್’ ಅಂತ ಹೆಸರು. ನನಗಂತೂ ಅದೇ ಚೆಂದ.

ಗಂಬಳಿ ಮಗುಚಿ ನೋಡಿ. ಹಿಂಬದಿಯಲ್ಲೂ ಬಣ್ಣ ಅಡ್ಡಸಾಲಿನುದ್ದಕ್ಕೆ ಬದಲಾಗಿದ್ದರೆ ಅದು ಅಬ್ರಶ್. ಮುಂಬದಿ ಮಾತ್ರ ತೆಳುವಾಗಿದ್ದರೆ ಬಿಸಿಲಿಗೆ ಮಾಸಿರುವ ಸಾಧ್ಯತೆ ಜಾಸ್ತಿ.