ಫೀಸಿನ ದಿನಕ್ಕೆ ಸ್ಕಾಲರ್‌ಶಿಪ್ ಬರೋದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಯುಸಿ ರಿಸಲ್ಟ್ ಬಂದು, ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಹಣದ ಪತ್ರಗಳೇ. ಈ ಸಲ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಿಂದ ಬಂದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಸರ್ಕಾರಿ ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ ಟೇಬಲ್ ನೋಡಿಕೊಂಡು ನಿವೃತ್ತನಾದವನು, ಪ್ರೊಫೆಸರ್ ಅಲ್ಲ. ಹಾಗಾಗಿ ಉತ್ತರಗಳೂ ಟೇಬಲ್ಲಿನ ಈ ಕಡೆಯಿಂದ ಕಂಡ ಹಾಗೆ ಇರುತ್ತವೆ.

ನಾನು ಮೊಳಕಾಲ್ಮೂರಿನವಳು. ಅಪ್ಪ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಹೋದ ವರ್ಷ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೆ. ಸ್ಟೇಟಸ್ ನೋಡಿದರೆ ಹಣ ಪಾವತಿಯಾಗಿದೆ ಅಂತಿದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಏನೂ ಇಲ್ಲ. ಕಾಲೇಜಿನವರು ಬ್ಯಾಂಕಿಗೆ ಹೋಗು ಅಂತಾರೆ, ಬ್ಯಾಂಕಿನವರು ಕಾಲೇಜಿಗೆ ಹೋಗು ಅಂತಾರೆ. — ಬಿ.ಎಸ್ಸಿ. ವಿದ್ಯಾರ್ಥಿನಿ

ತಂಗಿ, ಸದ್ಯಕ್ಕೆ ಇಬ್ಬರ ಹತ್ತಿರವೂ ಹೋಗಬೇಡ. ನಿನ್ನ ಹಣ ಎಲ್ಲೂ ಕಳೆದಿಲ್ಲ, ನಿನ್ನದೇ ಹೆಸರಿನ ಇನ್ನೊಂದು ಖಾತೆಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ಅರ್ಜಿಯ ಜೊತೆ ಪಾಸ್‌ಬುಕ್ ಜೆರಾಕ್ಸ್ ಕೊಟ್ಟೆ, ಅದೇ ಖಾತೆಗೆ ಹಣ ಬರುತ್ತದೆ ಎಂದು ಎಲ್ಲ ಮಕ್ಕಳೂ ನಂಬಿರುತ್ತಾರೆ. ಆದರೆ ಡಿಬಿಟಿಯಲ್ಲಿ, ಅಂದರೆ ಸರ್ಕಾರ ಫಲಾನುಭವಿಗೆ ನೇರವಾಗಿ ಹಣ ಹಾಕುವ ಪದ್ಧತಿಯಲ್ಲಿ, ಹಣ ಹೋಗುವುದು ಖಾತೆ ನಂಬರಿಗಲ್ಲ, ಆಧಾರ್ ನಂಬರಿಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಇರುತ್ತದೆ. ಒಂದು ಆಧಾರಿಗೆ ಅಲ್ಲಿ ಒಂದೇ ಬ್ಯಾಂಕು, ಅದೂ ಕೊನೆಗೆ ಜೋಡಿಸಿದ್ದು. ನಮ್ಮ ಟೇಬಲ್ ಮುಂದೆ ಕಣ್ಣೀರು ಹಾಕಿದ ಹುಡುಗಿಯೊಬ್ಬಳ ಹಣ ಹುಡುಕಿದರೆ, ಅವರಮ್ಮ ಗೃಹಲಕ್ಷ್ಮಿಗೆಂದು ಖಾತೆ ತೆರೆಯಲು ಹೋದಾಗ ಜೊತೆಗೆ ಹೋದ ಇವಳೂ ಬೆರಳೊತ್ತಿ ತೆರೆದು ಮರೆತಿದ್ದ ಖಾತೆಯಲ್ಲಿ ಅಷ್ಟೂ ದುಡ್ಡು ಭದ್ರವಾಗಿ ಕೂತಿತ್ತು.

ಮೊಬೈಲಿನಲ್ಲಿ ‘ಡಿಬಿಟಿ ಕರ್ನಾಟಕ’ ಆ್ಯಪ್ ಹಾಕಿಕೋ. ಆಧಾರ್ ನಂಬರ್ ಹಾಕಿದರೆ ಒಟಿಪಿ ಬರುತ್ತದೆ. ಒಳಗೆ ಹೋದರೆ ಯಾವ ಯೋಜನೆಯ ಎಷ್ಟು ಹಣ, ಯಾವ ತಾರೀಖಿಗೆ, ಯಾವ ಬ್ಯಾಂಕಿಗೆ ಹೋಗಿದೆ ಎಂದು ತೋರಿಸುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೂ ಬ್ಯಾಂಕಿನ ಹೆಸರು ಸಿಗುತ್ತದೆ. ನಿನಗೆ ಬೇಕಾದ ಬ್ಯಾಂಕ್ ಅದಲ್ಲದಿದ್ದರೆ, ಬೇಕಾದ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ ಎಂದು ಫಾರಂ ಕೊಡು. ಬರೀ ‘ಆಧಾರ್ ಲಿಂಕ್ ಮಾಡಿ’ ಎಂದರೆ ಕೌಂಟರಿನಲ್ಲಿ ಕೆವೈಸಿಗೆ, ಅಂದರೆ ಬರೀ ಗುರುತಿನ ದಾಖಲೆಗೆ, ಲಿಂಕ್ ಮಾಡಿ ಕಳಿಸಿಬಿಡುತ್ತಾರೆ, ಅದರಿಂದ ಡಿಬಿಟಿ ಬರುವುದಿಲ್ಲ. ಕೊಟ್ಟ ಫಾರಂಗೆ ಸೀಲು ಹಾಕಿಸಿಕೊಂಡ ಪ್ರತಿ ಕೈಯಲ್ಲಿರಲಿ.

ಒಟಿಪಿಯೇ ಬರುತ್ತಿಲ್ಲ ಎಂದರೆ ಆಧಾರಿನಲ್ಲಿ ಇರುವ ಮೊಬೈಲ್ ನಂಬರ್ ಹಳೆಯದು. ಮೊದಲು ಆಧಾರ್ ಕೇಂದ್ರಕ್ಕೆ ಹೋಗು. ಹಾಗೇ ಅರ್ಜಿ ಹಾಕುವಾಗ ಸೈಬರ್ ಸೆಂಟರಿನವನ ನಂಬರ್ ಕೊಡಬೇಡ. ‘ಅರ್ಜೆಂಟಿಗೆ ನಂದೇ ಹಾಕ್ತೀನಿ ಬಿಡಮ್ಮ’ ಅಂತಾನೆ, ಮುಂದಿನ ವರ್ಷ ಅವನ ಅಂಗಡಿಯೇ ಇರುವುದಿಲ್ಲ.

ಇನ್ನೊಂದು ವಿಷಯ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾನಿಧಿ ಸ್ಕಾಲರ್‌ಶಿಪ್ಪನ್ನು ಮರುವರ್ಷ ನೇಕಾರರ ಮಕ್ಕಳಿಗೂ ವಿಸ್ತರಿಸಿದರು. ಪದವಿಯ ಹುಡುಗಿಯರಿಗೆ 5,500, ಹುಡುಗರಿಗೆ 5,000 ರೂಪಾಯಿ ಎಂದು ನಿಗದಿಯಾಗಿತ್ತು. ಈ ಸಾಲಿಗೆ ಎಸ್‌ಎಸ್‌ಪಿಯಲ್ಲಿ ಆ ಕಾಲಂ ತೆರೆದಿದೆಯಾ ನೋಡು. ಅಪ್ಪನ ನೇಕಾರ ಗುರುತಿನ ಚೀಟಿ ಎಲ್ಲಿದೆ ಎಂದು ಇವತ್ತೇ ಹುಡುಕಿಡು.

ನಾವು ಜಗಳೂರು ತಾಲ್ಲೂಕಿನವರು, ಮೆಕ್ಕೆಜೋಳ ಬೆಳೆಯೋರು. ಮಗಳಿಗೆ ಸಿಇಟಿಯಲ್ಲಿ ದಾವಣಗೆರೆಯ ಕಾಲೇಜಿನಲ್ಲಿ ಬಿ.ಇ. ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ ಬರುತ್ತಲ್ಲ, ಅದರಲ್ಲೇ ಫೀಸು ಕಟ್ಟೋಣ ಅಂತ ಇದ್ವಿ. ಕಾಲೇಜಿನಲ್ಲಿ ಈಗಲೇ ಕಟ್ಟಿ ಅಂತಿದಾರೆ. ಬ್ಯಾಂಕಿಗೆ ಹೋದರೆ ಪಹಣಿ, ಜಾಮೀನು ತನ್ನಿ ಅಂದರು. — ಒಬ್ಬ ತಂದೆ

ಯಜಮಾನ್ರೇ, ಮಗಳಿಗೆ ಶುಭವಾಗಲಿ. ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ಪಿನ ಹಣ ಅಡ್ಮಿಷನ್ ದಿನಕ್ಕೆ ಬರುವ ಹಣ ಅಲ್ಲ. ಅಡ್ಮಿಷನ್ ಆದಮೇಲೆ ಪೋರ್ಟಲ್ ತೆರೆಯುತ್ತದೆ, ಕಾಲೇಜಿನವರು ದಾಖಲೆಗಳಿಗೆ ಇ-ದೃಢೀಕರಣ ಮಾಡಬೇಕು, ಇಲಾಖೆ ಪರಿಶೀಲಿಸಬೇಕು, ಅನುದಾನ ಬಿಡುಗಡೆಯಾಗಬೇಕು. ಎಷ್ಟೋ ಸಲ ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಬಂದದ್ದುಂಟು. ಅದನ್ನು ಎರಡನೇ ವರ್ಷದ ಫೀಸಿಗೆ ಎಂದು ಲೆಕ್ಕ ಹಿಡಿಯಿರಿ. ಮೊದಲ ವರ್ಷದ ಫೀಸಿಗೆ ಬೇರೆ ದಾರಿ ನೋಡಲೇಬೇಕು. ಜೋಳ ಮಾರಿದ ಮೇಲೆ ತೀರಿಸಿದರಾಯಿತು ಎಂದು ಮಂಡಿಯಲ್ಲಿ ಕೈಗಡ ತರುವವರನ್ನು ನೋಡಿದ್ದೇನೆ. ಆ ಬಡ್ಡಿ ಯಾವ ಸ್ಕಾಲರ್‌ಶಿಪ್ಪಿಗೂ ಬಗ್ಗುವುದಿಲ್ಲ.

ಬ್ಯಾಂಕಿನ ವಿಷಯಕ್ಕೆ ಬರೋಣ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು, ಇದು ರಿಸರ್ವ್ ಬ್ಯಾಂಕಿನ ನಿಯಮ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಕೌಂಟರಿನಲ್ಲಿ ಬಾಯಿ ಮಾತಲ್ಲಿ ಕೇಳಿ ವಾಪಸ್ ಬರಬೇಡಿ. ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ಅದರ ನಂಬರ್ ಬರೆದುಕೊಂಡು ಹೋಗಿ. ಸಾಲ ಕೊಡುವುದಿಲ್ಲ ಎಂದರೆ ಕಾರಣ ಬರೆದುಕೊಡಿ ಎಂದು ಕೇಳಿ. ಬರೆದುಕೊಡಿ ಅನ್ನುವ ಮಾತಿಗೆ ಮ್ಯಾನೇಜರ್ ದನಿಯೇ ಬದಲಾಗುತ್ತದೆ. ಅಲ್ಲಿಗೂ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಅರ್ಜಿ ಕೊಡಿ.

ನಿಮ್ಮ ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಮಾನ್ಯತೆಯೋ ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ ಇದ್ದರೆ, ಓದು ಮುಗಿದು ಇನ್ನೊಂದು ವರ್ಷದ ತನಕದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ಇದಕ್ಕೆ ಬಡ್ಡಿ ಸಹಾಯಧನ ಯೋಜನೆ ಎನ್ನುತ್ತಾರೆ. ಬ್ಯಾಂಕು ತಾನಾಗಿ ಕ್ಲೇಮ್ ಮಾಡುತ್ತದೆಂದು ಕೂರಬೇಡಿ. ಆದಾಯ ಪ್ರಮಾಣಪತ್ರವನ್ನು ಸಾಲದ ಕಡತಕ್ಕೇ ಸೇರಿಸಿಕೊಟ್ಟು, ಈ ಯೋಜನೆಗೆ ನನ್ನ ಹೆಸರು ಹಾಕಿ ಎಂದು ಒಂದು ಸಾಲು ಬರೆದುಕೊಡಿ. ಮಗಳು ಕೋರ್ಸ್ ಅರ್ಧಕ್ಕೆ ಬಿಟ್ಟರೆ ಈ ಸೌಲಭ್ಯ ಹೋಗುತ್ತದೆ. ಟಿವಿಯಲ್ಲಿ ನೋಡಿದ ಪಿಎಂ ವಿದ್ಯಾಲಕ್ಷ್ಮಿ ಬೇರೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಆ ಯೋಜನೆ ರ‍್ಯಾಂಕಿಂಗ್ ನೋಡಿ ಆರಿಸಿದ ಕಾಲೇಜುಗಳಿಗೆ ಮಾತ್ರ. ನಿಮ್ಮ ಕಾಲೇಜು ಪಟ್ಟಿಯಲ್ಲಿದ್ದರೆ ಜಾಮೀನುದಾರನೂ ಬೇಡ.

ಬ್ಯಾಂಕಿಗಿಂತ ಅಗ್ಗದ್ದು ನಿಗಮಗಳ ಸಾಲ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ‘ಅರಿವು’, ಅಲ್ಪಸಂಖ್ಯಾತರಿಗೆ ಅವರ ನಿಗಮದ ‘ಅರಿವು’, ವೀರಶೈವ ಲಿಂಗಾಯತರಿಗೆ ‘ಬಸವ ಬೆಳಗು’. ಬಡ್ಡಿ ಶೇಕಡ 2ರ ಲೆಕ್ಕ. ಸಿಇಟಿ ಮೂಲಕ ಸೀಟು ಪಡೆದ ನಿಮ್ಮ ಮಗಳಂಥವರಿಗೇ ಇದು. ಹಣ ವರ್ಷ ವರ್ಷ ಕಂತಿನಲ್ಲಿ ಬರುತ್ತದೆ. ನೀವು ಯಾವ ವರ್ಗ ಎಂದು ಪತ್ರದಲ್ಲಿ ಬರೆದಿಲ್ಲ, ಜಾತಿ ಪ್ರಮಾಣಪತ್ರ ನೋಡಿ ನಿಮ್ಮ ನಿಗಮ ಯಾವುದೆಂದು ತಿಳಿದುಕೊಳ್ಳಿ.

ಕೊನೆಗೆ ಹೇಳುತ್ತಿದ್ದರೂ ದೊಡ್ಡದು ಇದೇ: ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಡುವ ‘ಪ್ರಗತಿ’ ಸ್ಕಾಲರ್‌ಶಿಪ್. ತಾಂತ್ರಿಕ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ. ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹುಡುಗಿಯರ ತನಕ ಕೊಡುತ್ತಾರೆ, ಆಯ್ಕೆ ಮೆರಿಟ್ ಮೇಲೆ. ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಯಲ್ಲಿ. ಇದು ಸಿಕ್ಕರೆ ಸರ್ಕಾರದ ಬೇರೆ ಸ್ಕಾಲರ್‌ಶಿಪ್ ಜೊತೆಗೆ ತಗೊಳ್ಳುವಂತಿಲ್ಲ. ಆದರೂ ಯಾವುದು ದೊಡ್ಡದೆಂದು ಲೆಕ್ಕ ಹಾಕಲು ಕ್ಯಾಲ್ಕುಲೇಟರ್ ಬೇಕಿಲ್ಲ. ನಿಮ್ಮ ಸಣ್ಣ ಮಗ ಮುಂದಿನ ವರ್ಷ ಸಿಇಟಿ ಬರೆಯುತ್ತಾನೆ ಎಂದು ಬರೆದಿದ್ದೀರಿ. ಅವನಿಗೆ ಎಸ್‌ಎನ್‌ಕ್ಯೂ ಸೀಟಿನ ವಿಷಯ ಹೇಳಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡ 5ರಷ್ಟು ಹೆಚ್ಚುವರಿ ಸೀಟಿಗೆ ಬೋಧನಾ ಶುಲ್ಕ ಮಾಫಿ ಇದೆ, ಅದಕ್ಕೂ ಆದಾಯದ ಮಿತಿ 8 ಲಕ್ಷ.

ಬಿ.ಎ. ಮುಗಿಸಿ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೇರಿದ್ದೇನೆ. ಯುವನಿಧಿ ಬರುತ್ತಾ? — ಹರಿಹರದ ಓದುಗ

ಬರುವುದಿಲ್ಲ ತಮ್ಮಾ. ಯುವನಿಧಿ ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ. ಮುಂದೆ ಓದುತ್ತಿರುವವರಿಗೆ ಇಲ್ಲ. ಸುಳ್ಳು ಘೋಷಣೆ ಕೊಟ್ಟು 3,000 ತಗೊಂಡು ಆಮೇಲೆ ವಾಪಸ್ ಕಟ್ಟುವ ಪಾಡು ಬೇಡ. ವಿಶ್ವವಿದ್ಯಾಲಯ ಇರುವ ತೊಳಹುಣಸೆಗೆ ಬಸ್ ಪಾಸ್ ಮಾಡಿಸು, ಎಸ್‌ಎಸ್‌ಪಿ ಅರ್ಜಿ ಹಾಕು.

ನಾವು 2ಎ. ಹೊನ್ನಾಳಿ ಹತ್ತಿರದ ಹಳ್ಳಿ. ಮಗನಿಗೆ ದಾವಣಗೆರೆಯಲ್ಲಿ ಹಾಸ್ಟೆಲ್ ಸಿಗಲಿಲ್ಲ. ರೂಮು ಮಾಡಿಕೊಂಡಿದ್ದಾನೆ. ಬಾಡಿಗೆಗೆ ಏನಾದರೂ ಸಹಾಯ ಇದೆಯಾ? — ಒಬ್ಬ ತಾಯಿ

ಇದೆ ಅಕ್ಕಾ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದೇ ವಿದ್ಯಾಸಿರಿ ಮಾಡಿದ್ದು. ತಿಂಗಳಿಗೆ 1,500ರಂತೆ 10 ತಿಂಗಳ ಊಟ-ವಸತಿ ಹಣ ಎಂದು ಶುರುವಾಯಿತು. ಇದಕ್ಕೂ ಅರ್ಜಿ ಎಸ್‌ಎಸ್‌ಪಿಯಲ್ಲೇ. ಆದರೆ ಒಂದು ಎಚ್ಚರಿಕೆ: ಹಾಸ್ಟೆಲ್ಲಿಗೆ ಅರ್ಜಿ ಹಾಕುವುದು ಬೇರೆ ಪೋರ್ಟಲ್ಲಿನಲ್ಲಿ. ಎಸ್‌ಎಸ್‌ಪಿ ಹಾಕಿದ್ದೇನೆ, ಹಾಸ್ಟೆಲ್ ಯಾಕೆ ಸಿಗಲಿಲ್ಲ ಎಂದು ಕೇಳುತ್ತಿದ್ದ ಹುಡುಗರಿಗೆ ಲೆಕ್ಕವೇ ಇರಲಿಲ್ಲ. ಮುಂದಿನ ವರ್ಷ ಅದನ್ನೂ ಹಾಕಿಸಿ. ಮಧ್ಯದಲ್ಲಿ ಸೀಟು ಖಾಲಿಯಾಗುವುದೂ ಉಂಟು, ಮಗ ತಿಂಗಳಿಗೊಮ್ಮೆ ವಾರ್ಡನ್ ಹತ್ತಿರ ಮುಖ ತೋರಿಸಿ ಬರಲಿ.

ಚಳ್ಳಕೆರೆಯವನು, ನಾಯಕ ಸಮುದಾಯ. ಡಿಗ್ರಿ ಫಸ್ಟ್ ಕ್ಲಾಸಲ್ಲಿ ಪಾಸಾದೆ. ಸ್ಕಾಲರ್‌ಶಿಪ್ ಬಂದಿದೆ, ಪ್ರೈಜ್ ಮನಿ ಬೇರೆ ಇದೆ ಅಂತಾರೆ, ನಿಜವಾ?

ನಿಜ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳು ಮೊದಲ ಪ್ರಯತ್ನದಲ್ಲೇ ಫಸ್ಟ್ ಕ್ಲಾಸ್ ಬಂದರೆ ಪ್ರೋತ್ಸಾಹಧನ ಕೊಡುತ್ತಾರೆ. ದ್ವಿತೀಯ ಪಿಯುಸಿ ಮತ್ತು ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿಯಂಥವಕ್ಕೆ 35,000. ಇದು ಸ್ಕಾಲರ್‌ಶಿಪ್ಪಿನ ಲೆಕ್ಕಕ್ಕೆ ಸೇರುವುದಿಲ್ಲ, ಅರ್ಜಿಯೂ ಬೇರೆ. ಒಂದು ವಿಷಯ ಉಳಿದು ಮತ್ತೆ ಕಟ್ಟಿ ಪಾಸಾಗಿದ್ದರೆ ಸಿಗುವುದಿಲ್ಲ. ರಿಸಲ್ಟ್ ಬಂದ ವರ್ಷವೇ ಹಾಕಬೇಕು. ಪಿಯುಸಿಯಲ್ಲೂ ಫಸ್ಟ್ ಕ್ಲಾಸ್ ಬಂದಿದ್ದೆ, ಆಗ ಯಾರೂ ಹೇಳಲಿಲ್ಲ ಎಂದು ಬರೆದಿದ್ದೀಯ. ಅದನ್ನು ನಿನ್ನ ತಮ್ಮ, ತಂಗಿಯರಿಗೆ ನೀನು ಹೇಳು.

ಅಮ್ಮ ಬೀಡಿ ಕಟ್ಟುತ್ತಾರೆ. ಅಪ್ಪ ಗಾರೆ ಕೆಲಸ. ನಮಗೆ ಬೇರೆ ಏನಾದರೂ ಇದೆಯಾ? — ದಾವಣಗೆರೆ, ಬಿ.ಕಾಂ. ವಿದ್ಯಾರ್ಥಿನಿ

ಎರಡು ಬಾಗಿಲು ಇವೆ ಮಗಳೇ. ಅಮ್ಮನಿಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಸಚಿವಾಲಯದ ಸ್ಕಾಲರ್‌ಶಿಪ್ ಎನ್‌ಎಸ್‌ಪಿಯಲ್ಲಿದೆ. ಪದವಿಗೆ ವರ್ಷಕ್ಕೆ 6,000, ವೃತ್ತಿಪರ ಕೋರ್ಸಿಗೆ 25,000. ಅಪ್ಪನಿಗೆ ಲೇಬರ್ ಕಾರ್ಡ್ ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಆ ಕಾರ್ಡಿಗೆ ಅರ್ಹರು. ಕಾರ್ಡ್ ನವೀಕರಣ ಆಗಿದೆಯಾ ನೋಡು. ಕಾರ್ಡ್ ಇದೆ, ಅವಧಿ ಮುಗಿದಿದೆ ಎನ್ನುವುದೇ ನಮ್ಮ ಕಡೆಯ ನಿತ್ಯದ ಕಥೆ. ಕೆಲಸ ಮಾಡಿಸಿದ ಮೇಸ್ತ್ರಿಯ ಸಹಿ ಬೇಕಾಗುತ್ತದೆ, ಆ ಮನುಷ್ಯ ಊರಲ್ಲಿರುವಾಗಲೇ ಹಿಡಿಯಿರಿ.

ಪಿಯುಸಿಯಲ್ಲಿ ಒಳ್ಳೆ ಅಂಕ ಬಂದಿದೆ. ನಮ್ಮ ಜಾತಿಗೆ ಯಾವ ಸ್ಕಾಲರ್‌ಶಿಪ್ಪೂ ಇಲ್ಲ ಅಂತಾರೆ. — ಹೊಸದುರ್ಗ

ಅಂಕಕ್ಕೆ ಇದೆ. ಕೇಂದ್ರ ವಲಯ ವಿದ್ಯಾರ್ಥಿವೇತನ ಯಾವ ಜಾತಿಗೂ ಸೀಮಿತವಲ್ಲ. ನಿಮ್ಮ ಬೋರ್ಡಿನಲ್ಲಿ 80ನೇ ಪರ್ಸೆಂಟೈಲಿಗಿಂತ ಮೇಲಿರಬೇಕು, ಅಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ ಮೇಲಿನ ಇಪ್ಪತ್ತರೊಳಗೆ. ಆದಾಯ 4.5 ಲಕ್ಷದೊಳಗೆ. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಶೇಕಡ 50 ಅಂಕ, 75 ಹಾಜರಾತಿ ಬೇಕು. ಮೊದಲ ವರ್ಷ ಬಂತಲ್ಲ ಎಂದು ಸುಮ್ಮನಾದವರಿಗೆ ಎರಡನೇ ವರ್ಷ ಬರುವುದಿಲ್ಲ. ನೀವು ಹುಡುಗಿಯಾಗಿದ್ದು, ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ಪನ್ನೂ ನೋಡಿ, ವರ್ಷಕ್ಕೆ 30,000.

‘ನಿಮಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ, ಒಟಿಪಿ ಹೇಳಿ’ ಅಂತ ಫೋನ್ ಬಂದಿದೆ. ಕಟ್ಟಲಾ? — ಹೊಳಲ್ಕೆರೆ

ಕಟ್ಟಬೇಡಿ, ಹೇಳಲೂ ಬೇಡಿ. ಸರ್ಕಾರಿ ಸ್ಕಾಲರ್‌ಶಿಪ್ಪಿಗೆ ಫೀಸು ಇಲ್ಲ. ಆಗಲೇ ಕಟ್ಟಿದ್ದರೆ ಈ ಪತ್ರಿಕೆ ಪಕ್ಕಕ್ಕಿಟ್ಟು 1930ಕ್ಕೆ ಫೋನ್ ಮಾಡಿ.