ಪ್ರತಿಕ್ರಿಯೆ: 'ಹಂಸ' ಕೇಳಿ ಅಳು ಬರದಿದ್ದರೆ ತಪ್ಪೇನಲ್ಲ

ಸೆಲ್ಲೋ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯದಲ್ಲಿ ನುಡಿಸುವ, ಫ್ರೆಂಚ್ ಸಂಗೀತ ರಚನಕಾರ ಸಾಂ-ಸಾನ್ಸ್‌ರ 'ಹಂಸ' ಕೇಳಿ ಎಲ್ಲರೂ ಕಣ್ಣೊರೆಸಿಕೊಳ್ತಾರೆ, ನನಗೆ ಮಾತ್ರ ನೆಮ್ಮದಿ ಅನ್ನಿಸುತ್ತೆ, ನನ್ನ ಕಿವಿ ಸರಿಯಿಲ್ಲವಾ ಅಂತ ಕೇಳಿದ್ದೀರಿ. ಕಿವಿ ಸರಿಯಾಗೇ ಇದೆ ಬಿಡಿ.

1886ರಲ್ಲಿ ಬರೆದಾಗ ಅದು ಸಾವಿನ ಸಂಗೀತ ಆಗಿರಲೇ ಇಲ್ಲ. ಪ್ರಾಣಿಗಳ ಮೇಲಿನ ತಮಾಷೆಯ ಹದಿನಾಲ್ಕು ತುಣುಕುಗಳಲ್ಲಿ ಹದಿಮೂರನೆಯದು, ಅಷ್ಟೇ. ಮಿಕ್ಕಿದ್ದನ್ನು ತಾನು ಬದುಕಿರುವಾಗ ಅಚ್ಚು ಹಾಕಿಸಲು ಬಿಡದ ಆ ಮಹಾಶಯ ಇದೊಂದಕ್ಕೆ ಮಾತ್ರ ಒಪ್ಪಿದ. ಎಷ್ಟೋ ವರ್ಷದ ಮೇಲೆ ರಷ್ಯಾದ ನೃತ್ಯ ಸಂಯೋಜಕ ಫೋಕಿನ್ ಇದಕ್ಕೆ ನೃತ್ಯ ಕಟ್ಟಿದ, ಬ್ಯಾಲೆ ನರ್ತಕಿ ಆನಾ ಪಾವ್ಲೊವಾ 'ಸಾಯುವ ಹಂಸ'ವಾಗಿ ಊರೂರು ಕುಣಿದಳು. ಜನರ ಅಳುವಿನಲ್ಲಿ ಅರ್ಧಪಾಲು ಅವಳದೇ ಅಂತ ನನ್ನ ಗುಮಾನಿ.

ಸ್ವರಗಳನ್ನೇ ನೋಡಿ. ಜಿ ಮೇಜರ್, ಅಂದರೆ ನಮ್ಮ ಶಂಕರಾಭರಣದ್ದೇ ಸ್ವರಗಳು. ಶುರುವಿನಲ್ಲಿ ಮೇಲಿನ ಸ-ದಿಂದ ನಿ, ಗ, ದ, ಪ ಹಿಡಿದು ಕೆಳಗಿನ ಸ-ಕ್ಕೆ ಇಳಿದು, ರಿ-ಗ-ಮ ಅಂತ ಹತ್ತುತ್ತೆ. ಆ ನಿ-ಯಿಂದ ಗ-ಕ್ಕೆ ಧುಮುಕುವ ಜಾಗದಲ್ಲಿ ಕೆಲವರು ಬೆರಳನ್ನು ತಂತಿಯ ಮೇಲೆ ಎಳೆದು ಜಾರಿಸ್ತಾರೆ, ಅಲ್ಲೇ ಬಿಕ್ಕಿದ ಹಾಗೆ ಕೇಳೋದು. ಜಾರಿಸದೆ ನುಡಿಸುವವರನ್ನೂ ಒಮ್ಮೆ ಕೇಳಿ. ಆದರೆ ವಿಡಿಯೋ ಬೇಡ, ಬರೀ ಧ್ವನಿ ಸಾಕು.